ಪಕ್ಕದವರಿಗೂ ಕಾಣಬೇಕು: ಶೂಟಿಂಗ್ ರೇಂಜ್ ಪ್ರಶ್ನೋತ್ತರ

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಸಂಕಟದವು. ರಜಾ ದಿನ ರೇಂಜಿಗೆ ಹೋದರೆ ಕಾಲಿಡಲು ಜಾಗವಿಲ್ಲ. ಪಕ್ಕದವರನ್ನು ನೋಡಿದರೆ ಒಂದು ಭಯ, ಪಕ್ಕದವರು ನಮ್ಮನ್ನು ನೋಡಿ ಏನಂದುಕೊಳ್ಳುತ್ತಾರೋ ಅನ್ನುವುದು ಇನ್ನೊಂದು. ರೇಂಜ್ ಆಫೀಸರ್ ಆಗಿ ಫೈರಿಂಗ್ ಲೈನಿನ (ಹೊಡೆಯುವವರು ನಿಲ್ಲುವ ಸಾಲಿನ) ಹಿಂದೆ ಓಡಾಡುತ್ತ ಕೂಗುವುದೇ ನನ್ನ ಕೆಲಸವಾದ್ದರಿಂದ ಸಂಪಾದಕರು ಇಡೀ ಕಂತೆಯನ್ನು ನನ್ನ ಕಡೆ ತಳ್ಳಿದ್ದಾರೆ. ಉತ್ತರಗಳು ಗದರಿದಂತೆ ಕಂಡರೆ ಬೇಸರ ಬೇಡ. ಕಿವಿ ಮುಚ್ಚಿಕೊಂಡವರ ಜೊತೆ ಮಾತಾಡಿ ಮಾತಾಡಿ ಬಂದ ಅಭ್ಯಾಸ ಅದು.

*ಸರ್, ಮೊದಲ ಸಲ ಸಾರ್ವಜನಿಕ ರೇಂಜಿಗೆ ಹೋಗುತ್ತಿದ್ದೇನೆ. ಗೋಡೆ ತುಂಬ ನಿಯಮಗಳ ಬೋರ್ಡು ಇರುತ್ತದಂತೆ. ಅಷ್ಟನ್ನೂ ತಲೆಯಲ್ಲಿಟ್ಟುಕೊಂಡು ಗುರಿ ಹಿಡಿಯುವುದು ಹೇಗೆ? ಮುಖ್ಯವಾದದ್ದು ಯಾವುದು ಹೇಳಿ ಸಾಕು. – ಹೊಸಬ*

ಬೋರ್ಡಿನಲ್ಲಿ ಎಷ್ಟೇ ಸಾಲು ಇರಲಿ, ಬೇರು ನಾಲ್ಕೇ. ಅಮೆರಿಕದ ಜೆಫ್ ಕೂಪರ್ ಎಂಬ ಮಾಜಿ ಸೈನಿಕ ಪ್ರಚಾರಕ್ಕೆ ತಂದ ನಾಲ್ಕು ನಿಯಮಗಳು ಈಗ ಲೋಕವೆಲ್ಲ ಓಡಾಡುತ್ತಿವೆ. ಕೈಗೆ ಬಂದ ಬಂದೂಕು ತುಂಬಿದ್ದೇ ಎಂದು ತಿಳಿ. ಹಾಳಾದರೂ ಪರವಾಗಿಲ್ಲ ಅನ್ನಿಸದ ಯಾವುದರ ಕಡೆಗೂ ನಳಿಗೆಯ ಬಾಯಿ ತಿರುಗಿಸಬೇಡ. ಗುರಿ ಹಿಡಿದಾಗುವ ತನಕ ಬೆರಳು ಟ್ರಿಗರ್ ಮೇಲೆ ಬೇಡ. ಗುರಿ ಯಾವುದು, ಅದರ ಹಿಂದೆ ಏನಿದೆ ಎಂದು ಗೊತ್ತಿರಲಿ.

ಇಷ್ಟನ್ನು ಎಲ್ಲರೂ ಹೇಳಿಕೊಡುತ್ತಾರೆ. ಒಬ್ಬರೇ ಅಭ್ಯಾಸ ಮಾಡುವಾಗ ಇಷ್ಟು ಸಾಕು ಕೂಡ. ಜನ ತುಂಬಿದ ಸಾಲಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ: ನಿಮ್ಮ ಬಂದೂಕು ಖಾಲಿಯಿದೆ ಅನ್ನುವುದು ನಿಮಗೆ ಗೊತ್ತಿದ್ದರೆ ಸಾಲದು, ನಿಮ್ಮ ಹೆಸರೂ ಗೊತ್ತಿಲ್ಲದ ಪಕ್ಕದವರಿಗೆ ಅದು ಕಣ್ಣಾರೆ ಕಾಣಬೇಕು. ರೇಂಜಿನ ರೀತಿ ರಿವಾಜುಗಳಲ್ಲಿ ಹೆಚ್ಚಿನವು ಹುಟ್ಟಿರುವುದೇ ಇದರಿಂದ. ಬಂದೂಕನ್ನು ಚೀಲದಲ್ಲೇ ಲೇನಿನ (ಒಬ್ಬೊಬ್ಬರು ನಿಂತು ಹೊಡೆಯುವ ಜಾಗದ) ತನಕ ತರಬೇಕು ಅನ್ನುವುದೇಕೆ? ಹಿಂದೆ ಬೆಂಚಿನ ಮೇಲೆ ಕೂತವರಿಗೆ ನಿಮ್ಮ ಕೈಯಲ್ಲಿರುವುದು ತುಂಬಿದೆಯೋ ಖಾಲಿಯೋ ತಿಳಿಯುವುದಿಲ್ಲ, ಅದಕ್ಕೆ. ಚೀಲವನ್ನು ಮೇಜಿನ ಮೇಲೆ, ನಳಿಗೆಯ ಬಾಯಿ ಗುರಿಯ ಕಡೆ ಇರುವಂತೆ ಇಟ್ಟು, ಆಮೇಲೆ ಜಿಪ್ ತೆಗೆಯಿರಿ. ಚೀಲದಲ್ಲಿ ಯಾವ ಕಡೆ ಮುಖ ಮಾಡಿ ಮಲಗಿಸಿದ್ದೀರಿ ಎಂಬುದನ್ನು ಮನೆಯಲ್ಲೇ ಗಮನಿಸಿಕೊಂಡು ಬಂದರೆ ಇಲ್ಲಿ ಮೇಜಿನ ಮೇಲೆ ಗರಗರ ತಿರುಗಿಸುವ ಕೆಲಸ ಇರುವುದಿಲ್ಲ.

ಖಾಲಿ ಮಾಡುವಾಗ ಕ್ರಮ ತಪ್ಪಬಾರದು. ಮೊದಲು ತೋಟಾ ತುಂಬುವ ಮ್ಯಾಗಜಿನ್ ಹೊರಗೆ, ಆಮೇಲೆ ಬೋಲ್ಟ್ (ಪಿಸ್ತೂಲಾದರೆ ಸ್ಲೈಡ್) ಎಳೆದು ಚೇಂಬರ್, ಅಂದರೆ ಹಾರಲು ಸಿದ್ಧವಾದ ತೋಟಾ ಕೂರುವ ಗೂಡು, ಖಾಲಿ. ಇದನ್ನು ಹಿಂದುಮುಂದು ಮಾಡಿದರೆ, ಚೇಂಬರಿನಿಂದ ಒಂದು ತೋಟಾ ಹಾರಿ ಬಿದ್ದದ್ದನ್ನು ನೋಡಿ ನೀವು ನಿಶ್ಚಿಂತರಾಗುತ್ತೀರಿ. ಸ್ಲೈಡ್ ಮುಂದೆ ಹೋಗುವಾಗ ಮ್ಯಾಗಜಿನ್ನಿನಿಂದ ಇನ್ನೊಂದು ಒಳಗೆ ಹೋಗಿ ಕೂತಿರುತ್ತದೆ. ತೆರೆದ ಮೇಲೆ ಒಳಗೆ ನೋಡಿ. ಬೆಳಕು ಸಾಲದಿದ್ದರೆ ಕಿರುಬೆರಳು ಹಾಕಿ ಮುಟ್ಟಿ ನೋಡಿ. ಆಮೇಲೆ ಸೇಫ್ಟಿ ಫ್ಲಾಗ್ ಸಿಕ್ಕಿಸಿ. ಕಣ್ಣಿಗೆ ಹೊಡೆಯುವ ಬಣ್ಣದ ಆ ಪ್ಲಾಸ್ಟಿಕ್ ಕಡ್ಡಿ ಚೇಂಬರಿನಲ್ಲಿದ್ದರೆ ಅಲ್ಲಿ ತೋಟಾ ಇರಲು ಜಾಗವೇ ಇಲ್ಲ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ಸ್ಪರ್ಧೆಗಳಲ್ಲಿ ಏರ್ ರೈಫಲ್ಲಿಗೂ ಇದು ಕಡ್ಡಾಯ. ಒಲಿಂಪಿಕ್ಸಿಗೆ ಹೋದವರೇ ಸಂಕೋಚವಿಲ್ಲದೆ ಸಿಕ್ಕಿಸಿಕೊಳ್ಳುತ್ತಾರೆ, ನಮಗೇನು ಬಿಗುಮಾನ?

ಸೇಫ್ಟಿ ಬಟನ್ ಹಾಕಿದ್ದೇನಲ್ಲ ಎಂದು ಯಾರಾದರೂ ವಾದಿಸಿದರೆ ನಕ್ಕು ಸುಮ್ಮನಾಗಿ. ಅದು ಯಂತ್ರದ ಒಂದು ತುಂಡು, ಸವೆಯುತ್ತದೆ, ಕೆಡುತ್ತದೆ. ನಾಲ್ಕು ಹೆಜ್ಜೆ ದೂರ ನಿಂತವರಿಗೆ ಅದು ಹಾಕಿದೆಯೋ ಬಿಟ್ಟಿದೆಯೋ ಕಾಣುವುದೂ ಇಲ್ಲ.

*ಸೀಸ್‌ಫೈರ್ (ಎಲ್ಲರೂ ಹೊಡೆಯುವುದನ್ನು ನಿಲ್ಲಿಸುವ ವಿರಾಮ) ಆಗಿತ್ತು. ನಾನು ಬಂದೂಕು ಮುಟ್ಟಲಿಲ್ಲ, ಚೀಲದಿಂದ ನೀರಿನ ಬಾಟಲಿ ತೆಗೆಯಲು ಮೇಜಿನ ಹತ್ತಿರ ಹೋದೆ ಅಷ್ಟೆ. ರೇಂಜ್ ಆಫೀಸರ್ ಮೈಕಿನಲ್ಲೇ ಕಿರುಚಿದರು. ಎಲ್ಲರೂ ತಿರುಗಿ ನೋಡಿದರು. ಇದು ಅತಿಯಲ್ಲವೇ? – ಅವಮಾನಿತ*

ಅತಿಯಲ್ಲ. ಆ ಹೊತ್ತಿನಲ್ಲಿ ಗುರಿಯ ಹತ್ತಿರ ಕಾಗದ ಬದಲಿಸಲು ಹೋದವರ ಜಾಗದಲ್ಲಿ ನಿಂತು ನೋಡಿ. ಬೆನ್ನು ಹಾಕಿ ಗುರಿಗೆ ಪಿನ್ನು ಚುಚ್ಚುತ್ತಿದ್ದಾರೆ. ತಿರುಗಿದರೆ ದೂರದಲ್ಲಿ ಸಾಲಾಗಿ ಮೇಜುಗಳು, ಒಂದೊಂದರ ಮೇಲೂ ತಮ್ಮ ಕಡೆಗೇ ಬಾಯಿ ಮಾಡಿ ಮಲಗಿದ ಬಂದೂಕು. ಅಂಥ ಒಂದು ಮೇಜಿನ ಮೇಲೆ ಯಾರೋ ಬಗ್ಗಿದ್ದಾರೆ. ಬಾಟಲಿ ತೆಗೆಯುತ್ತಿದ್ದಾರೋ ಬೋಲ್ಟ್ ಮುಚ್ಚುತ್ತಿದ್ದಾರೋ ಅಷ್ಟು ದೂರದಿಂದ ಹೇಗೆ ತಿಳಿಯಬೇಕು? ಬಗ್ಗಿದ ಬೆನ್ನು ಎರಡಕ್ಕೂ ಒಂದೇ ಥರ ಕಾಣುತ್ತದೆ.

ಆದ್ದರಿಂದಲೇ ನಿಯಮ ಅಷ್ಟು ಗಟ್ಟಿ. ಸೀಸ್‌ಫೈರ್ ಅಂದ ಕೂಡಲೇ ಬೆರಳು ಹೊರಗೆ, ಬಂದೂಕು ಖಾಲಿ, ಬೋಲ್ಟ್ ತೆರೆದು ಮೇಜಿನ ಮೇಲೆ, ಫ್ಲಾಗ್ ಒಳಗೆ, ನೀವು ಗೆರೆಯ ಹಿಂದೆ. ಆಫೀಸರ್ ಮತ್ತೆ ಕರೆಯುವ ತನಕ ಮೇಜು ನಿಮ್ಮದಲ್ಲ. ಮ್ಯಾಗಜಿನ್ನಿಗೆ ತೋಟಾ ತುಂಬುವುದು, ಸ್ಕೋಪಿನ ಗಾಜು ಒರೆಸುವುದು, ಬೈಪಾಡ್ ಸರಿ ಮಾಡುವುದು, ಯಾವುದೂ ಬೇಡ. ನೀರಿನ ಬಾಟಲಿಯನ್ನು ಹಿಂದಿನ ಬೆಂಚಿನಲ್ಲೇ ಇಟ್ಟುಕೊಳ್ಳಿ.

ಹಾಗೆಯೇ ಇದನ್ನೂ ತಿಳಿದಿರಿ. ತುರ್ತು ಕಂಡರೆ ‘ಸೀಸ್‌ಫೈರ್’ ಎಂದು ಕೂಗುವ ಹಕ್ಕು ಆಫೀಸರ್‌ಗೆ ಮಾತ್ರ ಸೇರಿದ್ದಲ್ಲ. ಗೆರೆಯಾಚೆ ಯಾರೋ ಕಾಲಿಟ್ಟರು, ನಾಯಿ ಓಡಿತು, ಪಕ್ಕದವರು ಕುಸಿದರು, ಯಾವುದೇ ಇರಲಿ, ಮೊದಲು ಕಂಡವರು ಕೂಗಬೇಕು. ಕೇಳಿಸಿಕೊಂಡ ಪ್ರತಿಯೊಬ್ಬರೂ ಮುಂದಕ್ಕೆ ದಾಟಿಸಬೇಕು, ಯಾಕೆಂದರೆ ಕಿವಿಗೆ ಮಫ್ ಹಾಕಿಕೊಂಡ ಕಡೆಯ ಲೇನಿನವರಿಗೆ ಮೊದಲ ಕೂಗು ಮುಟ್ಟಿರುವುದಿಲ್ಲ. ಕೂಗಿದ್ದು ಸುಮ್ಮನೆ ಎಂದು ಆಮೇಲೆ ಗೊತ್ತಾದರೂ ಅದಕ್ಕೆ ಯಾರನ್ನೂ ಆಡಿಕೊಳ್ಳಬಾರದು. ನನ್ನ ಸಾಲಿನಲ್ಲಿ ಆಡಿಕೊಂಡವರನ್ನು ಹೊರಗೆ ಕಳಿಸಿದ್ದೇನೆ.

*ನಾನು ಹೊಡೆದದ್ದು ಹತ್ತು, ಗುರಿಯಲ್ಲಿ ಹನ್ನೊಂದು ತೂತು. ಪಕ್ಕದ ಲೇನಿನ ಹಿರಿಯರದ್ದೇ ಇರಬೇಕು. ಹೇಗೆ ಹೇಳಲಿ? ಹೇಳಿದರೆ ಜಗಳವಾಗುತ್ತದೆಯೇ? – ಸಂಕೋಚದ ಹುಡುಗಿ*

ಹೇಳಿ, ಆದರೆ ಅವರು ಗುರಿ ಹಿಡಿದಿರುವಾಗ ಭುಜ ತಟ್ಟಿ ಹೇಳಬೇಡಿ. ಬಂದೂಕು ಕೈಯಲ್ಲಿರುವವರನ್ನು ಹಿಂದಿನಿಂದ ಮುಟ್ಟಿದರೆ ಅವರು ಬಂದೂಕಿನ ಸಮೇತ ತಿರುಗುತ್ತಾರೆ. ವಿರಾಮದಲ್ಲಿ, ಕೈ ಖಾಲಿಯಿದ್ದಾಗ, ‘ಸರ್, ನನ್ನ ಕಾಗದದಲ್ಲಿ ಒಂದು ಜಾಸ್ತಿ ಕಾಣ್ತಿದೆ, ನಿಮ್ಮದರಲ್ಲಿ ಒಂದು ಕಡಿಮೆ ಇದೆಯೇನೋ ನೋಡ್ತೀರಾ?’ ಅಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ. ಮುಖ ಕೊಟ್ಟು ಮಾತಾಡಲು ಮನಸ್ಸಿಲ್ಲವೆಂದರೆ ಆಫೀಸರ್‌ಗೆ ತಿಳಿಸಿ. ಸಂಬಳ ಅದಕ್ಕೇ ಕೊಡುತ್ತಾರೆ.

ಹಿರಿಯರು ಕಣ್ಣು ಕಾಣದವರೆಂದೇನೂ ತಿಳಿಯಬೇಡಿ. 2004ರ ಅಥೆನ್ಸ್ ಒಲಿಂಪಿಕ್ಸ್, ಗಂಡಸರ 50 ಮೀಟರ್ ರೈಫಲ್ ತ್ರೀ ಪೊಸಿಷನ್ (ಮೂರು ಭಂಗಿಗಳಲ್ಲಿ ಹೊಡೆಯುವ) ಫೈನಲ್. ಅಮೆರಿಕದ ಮ್ಯಾಥ್ಯೂ ಎಮನ್ಸ್ ಕಡೆಯ ಈಡಿಗೆ ಬರುವಾಗ ಮೂರು ಅಂಕ ಮುಂದಿದ್ದರು. ಅಂಥ ಆಟಗಾರನಿಗೆ ಸುಮಾರಾದ ಒಂದು ಈಡು ಸಾಕಿತ್ತು. ಹೊಡೆದರು. ಅವರ ಗುರಿಯಲ್ಲಿ ಏನೂ ದಾಖಲಾಗಲಿಲ್ಲ. ಎರಡನೇ ಲೇನಿನಲ್ಲಿ ನಿಂತು ಮೂರನೇ ಲೇನಿನ ಗುರಿಗೆ ಹೊಡೆದಿದ್ದರು. ಸೊನ್ನೆ ಬಂತು, ಚಿನ್ನ ಚೀನಾದ ಜಿಯಾ ಝಾನ್‌ಬೋ ಪಾಲಾಯಿತು, ಎಮನ್ಸ್ ಎಂಟನೆಯವರಾದರು. ಅದೇ ಕ್ರೀಡಾಕೂಟದಲ್ಲಿ ಮಲಗಿ ಹೊಡೆಯುವ ಪ್ರೋನ್ ವಿಭಾಗದ ಚಿನ್ನ ಗೆದ್ದಿದ್ದ ಮನುಷ್ಯ! (ಆ ದಿನ ಸಮಾಧಾನ ಹೇಳಲು ಬಂದ ಜೆಕ್ ಶೂಟರ್ ಕಟೆರಿನಾ ಕುರ್ಕೋವಾ ಅವರನ್ನೇ 2007ರಲ್ಲಿ ಮದುವೆಯಾದರು. ಪಕ್ಕದ ಗುರಿಗೆ ಹೊಡೆಯುವ ಎಲ್ಲ ಕ್ರಾಸ್‌ಫೈರಿಗೂ ಇಂಥ ಫಲ ಸಿಗುವುದಿಲ್ಲ.)

50 ಮೀಟರ್ ರೇಂಜಿನಲ್ಲಿ ಲೇನುಗಳು ಒಂದೂಕಾಲು ಮೀಟರ್ ಅಂತರದಲ್ಲಿದ್ದರೆ, ನಿಂತ ಜಾಗದಿಂದ ಪಕ್ಕದ ಗುರಿ ಒಂದೂವರೆ ಡಿಗ್ರಿಯಷ್ಟೂ ಓರೆಯಾಗಿರುವುದಿಲ್ಲ. ಸ್ಕೋಪಿನೊಳಗೆ ಎಲ್ಲ ಕರಿಬೊಟ್ಟೂ ಒಂದೇ. ಹಾಗಾಗಿ ಪ್ರತಿ ಸರಣಿಗೂ ಮುಂಚೆ ಬರಿಗಣ್ಣಿನಲ್ಲಿ ಗುರಿಯ ಮೇಲಿನ ಲೇನ್ ನಂಬರ್ ಓದಿ, ಅಲ್ಲಿಂದ ಕಣ್ಣು ಇಳಿಸಿ ಸೈಟಿಗೆ ತನ್ನಿ. ನಿಮ್ಮದೇ ತಪ್ಪು ಈಡು ಪಕ್ಕದ ಕಾಗದಕ್ಕೆ ಬಿತ್ತೆಂದು ಅನ್ನಿಸಿದರೆ ನೀವೇ ಮೊದಲು ಬಾಯಿ ಬಿಡಿ. ಹೊಸ ಗುರಿಕಾಗದ ಒಂದು ಕೊಟ್ಟರೆ ಮುಗಿಯಿತು.

*ಪಿಸ್ತೂಲಿನ ಖಾಲಿ ತೋಟಾ ಹಾರಿ ಅಂಗಿಯೊಳಗೆ ಬಿದ್ದು ಸುಟ್ಟಿತು. ಏನು ಮಾಡಬೇಕಿತ್ತು?*

ಸುಡಿಸಿಕೊಳ್ಳಬೇಕಿತ್ತು. ತಮಾಷೆಯಲ್ಲ. ನಾನು ಸಾಲಿನ ಹಿಂದೆ ಕಂಡ ಭಯಂಕರ ಗಳಿಗೆಗಳಲ್ಲಿ ಬಹುಪಾಲು ಹೀಗೇ ಶುರುವಾದದ್ದು. ಎಡಗಡೆ ನಿಂತವನ ಪಿಸ್ತೂಲು ಬಲಕ್ಕೆ ಉಗಿಯುತ್ತದೆ. ಬಿಸಿ ಹಿತ್ತಾಳೆ ಈಚೆಯವನ ಕೊರಳಪಟ್ಟಿಯೊಳಗೆ ಜಾರುತ್ತದೆ. ಅವನ ಎಡಗೈ ಕುತ್ತಿಗೆಗೆ, ಮೈ ಪೂರ್ತಿ ಬಲಕ್ಕೆ ತಿರುಚಿಕೊಂಡು ಒಂದು ಕುಣಿತ. ಬಲಗೈಯಲ್ಲಿ ತುಂಬಿದ ಪಿಸ್ತೂಲು, ಬೆರಳು ಇನ್ನೂ ಟ್ರಿಗರ್ ಮೇಲೆ, ನಳಿಗೆ ಎರಡು ಲೇನು ದಾಟಿ ನನ್ನ ಹೊಟ್ಟೆಯ ಎತ್ತರದಲ್ಲಿ ಅರೆ ಸುತ್ತು ಹೊಡೆಯುತ್ತದೆ. ಇಡೀ ಕಥೆ ಒಂದು ಉಸಿರಿನೊಳಗೆ ಮುಗಿಯುತ್ತದೆ.

ಆ ಹಿತ್ತಾಳೆಯಿಂದ ಆಗುವುದು ಒಂದು ಕೆಂಪು ಬರೆ. ಬೆರಳು ತೆಗೆಯಿರಿ, ಪಿಸ್ತೂಲನ್ನು ಗುರಿಯ ಕಡೆ ಮುಖ ಮಾಡಿ ಮೇಜಿನ ಮೇಲಿಡಿ, ಆಮೇಲೆ ಬೇಕಾದಷ್ಟು ಕುಣಿಯಿರಿ. ಕುತ್ತಿಗೆ ಮುಚ್ಚುವ ಅಂಗಿ, ಮುಂದಕ್ಕೆ ಚಾಚಿದ ಟೋಪಿ, ಬೆರಳು ಮುಚ್ಚಿದ ಬೂಟು ಹಾಕಿಕೊಂಡರೆ ಈ ಪ್ರಸಂಗವೇ ಬರುವುದಿಲ್ಲ. ಟೋಪಿಯ ಅಂಚು ಕನ್ನಡಕಕ್ಕೂ ಹುಬ್ಬಿಗೂ ನಡುವೆ ತೋಟಾ ಸಿಕ್ಕಿಕೊಳ್ಳುವುದನ್ನು ತಪ್ಪಿಸುತ್ತದೆ. ಅಲ್ಲಿ ಸಿಕ್ಕಿಕೊಂಡರೆ ತಾಳ್ಮೆಯ ಮಾತು ಯಾರಿಗೂ ನೆನಪಾಗುವುದಿಲ್ಲ.

*ಟ್ರಿಗರ್ ಎಳೆದೆ, ‘ಟಿಕ್’ ಅಂದಿತು, ಗುಂಡು ಹಾರಲಿಲ್ಲ. ತಕ್ಷಣ ತೆರೆದು ನೋಡಿದೆ. ಪಕ್ಕದವರು ಬೈದರು.*

ಬೈದದ್ದು ಸರಿ. ಕೆಲವು ಸಲ ತೋಟಾದ ಹಿಂಬದಿಯ ಕ್ಯಾಪಿನ ಕಿಡಿ ಮದ್ದಿಗೆ ತಡವಾಗಿ ತಗಲುತ್ತದೆ. ಆ ಹೊತ್ತಿಗೆ ನೀವು ಬೋಲ್ಟ್ ತೆರೆದಿದ್ದರೆ ತೋಟಾ ನಿಮ್ಮ ಮುಖದೆದುರು ಒಡೆಯುತ್ತದೆ. ನಳಿಗೆಯನ್ನು ಗುರಿಯ ಕಡೆಯೇ ಹಿಡಿದು ಕನಿಷ್ಠ 30 ಸೆಕೆಂಡು ಕಾಯಿರಿ. ನಿಮ್ಮ ರೇಂಜಿನವರು 60 ಅಂದರೆ 60. ಖಾಲಿಯಿರುವ ಕೈ ಎತ್ತಿ ಆಫೀಸರ್‌ರನ್ನು ಕರೆಯಿರಿ. ‘ಏನಾಯ್ತು’ ಎಂದು ನಳಿಗೆಯ ಬಾಯಿಂದ ಒಳಗೆ ಇಣುಕುವವರೂ ಇದ್ದಾರೆ, ಅವರಿಗೆ ಏನು ಹೇಳುವುದು!

ಇದಕ್ಕಿಂತ ಕಳ್ಳನಾದದ್ದು ಅರೆ ಈಡು. ತೋಟಾದಲ್ಲಿ ಮದ್ದು ಕಡಿಮೆಯಿದ್ದರೆ ಗುಂಡು ನಳಿಗೆಯ ಮಧ್ಯದಲ್ಲೇ ಸಿಕ್ಕಿಕೊಳ್ಳಬಹುದು. ಅದರ ಹಿಂದೆ ಇನ್ನೊಂದು ಹೊಡೆದರೆ ನಳಿಗೆ ಸಿಡಿಯುತ್ತದೆ. ಖಾಲಿ ರೇಂಜಿನಲ್ಲಾದರೆ ‘ಪುಸ್ಸ್’ ಅನ್ನುವ ಸದ್ದಿನಿಂದಲೇ ಗೊತ್ತಾಗುತ್ತದೆ. ಜನ ತುಂಬಿದ ಸಾಲಿನಲ್ಲಿ ಸದ್ದನ್ನು ನಂಬಲಾಗುವುದಿಲ್ಲ. ನಿಮ್ಮದು ಪುಸ್ಸ್ ಅಂದ ಕ್ಷಣಕ್ಕೇ ಪಕ್ಕದ ದೊಡ್ಡ ರೈಫಲ್ ಗುಡುಗಿದರೆ ನಿಮ್ಮದೇ ಹಾರಿತು ಅಂದುಕೊಳ್ಳುತ್ತೀರಿ. ಅಲ್ಲಿ ಭುಜ ಮತ್ತು ಕೈಯನ್ನು ಕೇಳಬೇಕು. ಒದೆತ ಕಡಿಮೆ ಅನ್ನಿಸಿತೇ, ಸ್ಲೈಡ್ ಪೂರ್ತಿ ಹಿಂದೆ ಹೋಗಲಿಲ್ಲವೇ, ಕಾಗದದಲ್ಲಿ ತೂತು ಕಾಣುತ್ತಿಲ್ಲವೇ? ನಿಲ್ಲಿಸಿ. ಕಾದು, ಖಾಲಿ ಮಾಡಿ, ನಳಿಗೆಯಲ್ಲಿ ಕಡ್ಡಿ ಆಡಿಸಿ ನೋಡದೆ ಮುಂದಿನ ಈಡು ಬೇಡ. ಸಾಲಿನಲ್ಲಿ ಪಟಪಟನೆ ಹೊಡೆಯುವುದಕ್ಕೆ ರೇಂಜಿನವರು ತಡೆ ಹಾಕುವುದರ ಹಿಂದೆ ಇದೂ ಒಂದು ಕಾರಣ: ಬೆರಳು ಓಡುವ ವೇಗಕ್ಕೆ ಕೈಯ ಅನುಮಾನ ತಲೆಗೆ ತಲುಪುವುದಿಲ್ಲ.

*ನಾನು ಹೆಣ್ಣು ಅನ್ನುವ ಒಂದೇ ಕಾರಣಕ್ಕೆ ಪ್ರತಿ ಸಲ ಯಾರಾದರೊಬ್ಬರು ಬಂದು ‘ಹಿಡಿಯೋದು ಹಾಗಲ್ಲಮ್ಮ’ ಎಂದು ಶುರು ಮಾಡುತ್ತಾರೆ. ಕಳೆದ ಸಲ ಒಬ್ಬರು ನನ್ನ ಮೊಣಕೈ ಹಿಡಿದೇಬಿಟ್ಟರು. – ಸಾಕಾದವಳು*

ಮೊಣಕೈ ಹಿಡಿದದ್ದು ಬರೀ ಅನಾಗರಿಕತೆಯಲ್ಲ, ಅಪಾಯ. ಬಂದೂಕು ಹಿಡಿದ ಕೈಯನ್ನು ಹೇಳದೆ ಕೇಳದೆ ಮುಟ್ಟುವವರನ್ನು ಸಾಲಿನಿಂದ ಎಬ್ಬಿಸಬೇಕು. ಆಫೀಸರ್‌ಗೆ ದೂರು ಕೊಡಿ, ‘ಒಳ್ಳೆಯದಕ್ಕೇ ಹೇಳಿದ್ದು’ ಅನ್ನುವ ಸಮಜಾಯಿಷಿಗೆ ಕರಗಬೇಡಿ. ಮಾತಿನ ಉಪದೇಶಕ್ಕೆ ಮಾತ್ರ, ಬಂದೂಕು ಕೆಳಗಿಟ್ಟು, ‘ಥ್ಯಾಂಕ್ಸ್, ನನಗೆ ಕೋಚ್ ಇದ್ದಾರೆ’ ಅನ್ನಿ. ಇಲ್ಲದಿದ್ದರೂ ಅನ್ನಿ.

ಉಪದೇಶಕರಿಗೂ ಒಂದು ಮಾತು. ಕೇಳದೆ ಹೇಳಬಹುದಾದದ್ದು ಒಂದೇ ಬಗೆಯದು, ಅಪಾಯದ್ದು. ‘ನಳಿಗೆ ಈಚೆ ತಿರುಗ್ತಿದೆ’, ‘ಬೆರಳು’, ‘ಕಿವಿಗೆ ಹಾಕಿಲ್ಲ’. ಅದನ್ನು ಹೇಳಲೇಬೇಕು, ಎದುರಿಗಿರುವವರು ಯಾರೇ ಆಗಲಿ. ಹಿಡಿತ, ನಿಲುವು, ಉಸಿರು, ನೀವು ಕೊಂಡ ಹೊಸ ಸ್ಕೋಪಿನ ಮಹಿಮೆ, ಇವು ಕೇಳಿದವರಿಗೆ ಮಾತ್ರ.

*ಎಂಟು ವರ್ಷದ ಮಗ ಹಟ ಹಿಡಿದಿದ್ದಾನೆ. ನೋಡಲು ಕರೆದುಕೊಂಡು ಹೋಗಬಹುದೇ? – ಒಬ್ಬ ಅಪ್ಪ*

ಮೊದಲು ಆ ರೇಂಜಿನ ವಯಸ್ಸಿನ ನಿಯಮ ಕೇಳಿ. ಬಿಡುತ್ತಾರೆಂದರೂ ಕಿವಿ ಮತ್ತು ಸೀಸ, ಇವೆರಡರ ಲೆಕ್ಕ ಹಾಕಿ. ದೊಡ್ಡವರ ಕಿವಿಗೆ ತಟ್ಟನೆ ಎರಗುವ ಸದ್ದು 140 ಡೆಸಿಬೆಲ್ ಮೀರಬಾರದು ಅನ್ನುವುದು ಸಾಮಾನ್ಯ ಮಿತಿ. ಮಕ್ಕಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 120. ಹೆಚ್ಚಿನ ಬಂದೂಕುಗಳ ಈಡು 140ನ್ನು ದಾಟುತ್ತದೆ, ದೊಡ್ಡ ರೈಫಲ್ಲುಗಳದು 160ರ ಆಚೀಚೆ. ಚಾವಣಿ ಇರುವ ರೇಂಜಿನಲ್ಲಿ ಅದು ಗೋಡೆಗೆ ಬಡಿದು ಮತ್ತೆ ಬರುತ್ತದೆ. ಕಿವಿಯೊಳಗಿನ ಪ್ಲಗ್ಗಿನ ಮೇಲೆ ಮಫ್, ಎರಡೂ ಬೇಕು. ಎರಡು ಹಾಕಿದರೆ ತಡೆ ದುಪ್ಪಟ್ಟಾಗುವುದಿಲ್ಲ, ಎರಡರಲ್ಲಿ ಹೆಚ್ಚು ತಡೆಯುವುದರ ಲೆಕ್ಕಕ್ಕೆ ಇನ್ನೊಂದು 5 ಡೆಸಿಬೆಲ್ ಸೇರುತ್ತದೆ ಅಷ್ಟೆ. ಆ ಐದೂ ಬೇಕು. ಮಗುವಿನ ತಲೆಗೆ ದೊಡ್ಡವರ ಮಫ್ ಕೂರುವುದಿಲ್ಲ. ಕನ್ನಡಕದ ಕಡ್ಡಿ ಮೆತ್ತೆಯನ್ನು ಎತ್ತಿ ಸಂದು ಮಾಡಿದೆಯೇ ಎಂದು ಬೆರಳಾಡಿಸಿ ನೋಡಿ. ಸಾಲಿನಲ್ಲಿ ನಳಿಗೆಯ ತುದಿಗೆ ಮಜಲ್ ಬ್ರೇಕ್ ಎಂಬ ತುಂಡು ಹಾಕಿದ ರೈಫಲ್ ಇದ್ದರೆ ಅದರ ಪಕ್ಕದ ಲೇನು ತೆಗೆದುಕೊಳ್ಳಬೇಡಿ. ಹೊಡೆಯುವವನ ಒದೆತ ಕಡಿಮೆ ಮಾಡಲು ಅದು ಗಾಳಿಯನ್ನೂ ಸದ್ದನ್ನೂ ಅಕ್ಕಪಕ್ಕಕ್ಕೆ ತಳ್ಳುತ್ತದೆ. ಅಂಥದ್ದನ್ನು ತರುವವರು ತಾವಾಗಿಯೇ ಮೂಲೆಯ ಲೇನು ಕೇಳಿಕೊಳ್ಳುವುದು ಸಭ್ಯತೆ.

ಇನ್ನು ಸೀಸ. ಗುಂಡಿನಲ್ಲಿ ಸೀಸ, ಹೆಚ್ಚಿನ ತೋಟಾಗಳ ಕ್ಯಾಪಿನಲ್ಲಿ ಸೀಸದ ಸಂಯುಕ್ತ. ಪ್ರತಿ ಈಡಿಗೂ ಕಣ್ಣಿಗೆ ಕಾಣದ ಪುಡಿ ಗಾಳಿಗೆ ಸೇರಿ ಕೈಗೆ, ಬಟ್ಟೆಗೆ, ಮೇಜಿಗೆ ಕೂರುತ್ತದೆ. ಹೊಟ್ಟೆಗೆ ಹೋದ ಸೀಸವನ್ನು ಚಿಕ್ಕ ಮಕ್ಕಳ ಮೈ ದೊಡ್ಡವರಿಗಿಂತ 4–5 ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಹಾಗಾಗಿ ಸಾಲಿನಲ್ಲಿ ತಿಂಡಿ ಬೇಡ, ಬೆರಳು ಬಾಯಿಗೆ ಬೇಡ, ಹೊಳೆಯುತ್ತದೆಂದು ಖಾಲಿ ತೋಟಾ ಹೆಕ್ಕಿ ಜೇಬಿಗೆ ತುಂಬಿಸಿಕೊಳ್ಳುವುದು ಬೇಡ. ಹೊರಡುವಾಗ ತಣ್ಣೀರು, ಸೋಪು ಹಾಕಿ ಕೈ, ಮುಖ ತೊಳೆಸಿ. ಮನೆಗೆ ಹೋದ ಮೇಲೆ ಆ ಬಟ್ಟೆ, ಬೂಟು ಬೇರೆ ಇಡಿ. ಗರ್ಭಿಣಿಯರು ಸಾಲಿನಿಂದ ದೂರವೇ ಇರುವುದು ಒಳ್ಳೆಯದು, ಸೀಸ ಹೊಟ್ಟೆಯಲ್ಲಿರುವ ಕೂಸಿಗೂ ದಾಟುತ್ತದೆ. ನನ್ನನ್ನು ಕೇಳಿದರೆ, ಮಗನಿಗೆ ಮೊದಲು ಜನವಿಲ್ಲದ ಹೊತ್ತಿನಲ್ಲಿ 10 ಮೀಟರ್ ಏರ್ ರೈಫಲ್ ಹಾಲ್ ತೋರಿಸಿ. ಸದ್ದು ಕಡಿಮೆ, ಶಿಸ್ತು ಅದೇ.

ಉಳಿದವು ಚುಟುಕಾಗಿ.

*ನೆಲದ ಮೇಲಿನ ಖಾಲಿ ತೋಟಾ ಯಾರದ್ದು?* ಹೊಡೆದವರದ್ದು, ಅವರು ಬಿಟ್ಟು ಹೋದರೆ ರೇಂಜಿನದ್ದು. ಮತ್ತೆ ತುಂಬಿ ಬಳಸುವವರಿಗೆ ಅದು ಹಣ. ಕೇಳಿ ತೆಗೆದುಕೊಳ್ಳಿ, ಗೆರೆ ದಾಟಿ ಬಿದ್ದದ್ದಕ್ಕೆ ಬಗ್ಗಬೇಡಿ.

*.22 ತೋಟಾ ಚಿಕ್ಕದಲ್ಲವೇ, ಅದಕ್ಕೂ ಇಷ್ಟೆಲ್ಲ ಬೇಕೇ?* ಚಿಕ್ಕದು ನಿಜ. ನಳಿಗೆ ಮೇಲಕ್ಕೆ ಎತ್ತಿ ಗುರಿಯ ಹಿಂದಿನ ದಿಬ್ಬದ ಆಚೆಗೆ ಹಾರಿಸಿದರೆ ಆ ಚಿಕ್ಕದು ಸುಮಾರು 2 ಕಿ.ಮೀ. ಹೋಗಬಲ್ಲದು. ಆದ್ದರಿಂದಲೇ ತುಂಬುವಾಗ, ಸ್ಲೈಡ್ ಎಳೆಯುವಾಗ ನಳಿಗೆಯನ್ನು ಆಕಾಶಕ್ಕೆ ಎತ್ತಬಾರದು ಅನ್ನುವುದು.

*ಫೋಟೊ ತೆಗೆಯಬಹುದೇ?* ರೇಂಜ್ ಒಪ್ಪಿದರೆ, ಗೆರೆಯ ಹಿಂದಿನಿಂದ, ಬೇರೆಯವರ ಮುಖ ಬೀಳದಂತೆ. ಒಂದು ಕೈಯಲ್ಲಿ ಪಿಸ್ತೂಲು, ಇನ್ನೊಂದರಲ್ಲಿ ಮೊಬೈಲ್ ಹಿಡಿದು ಸೆಲ್ಫಿಗೆ ತಿರುಗಿದರೆ ಎರಡೂ ನನ್ನ ಕೈಗೆ ಬರುತ್ತವೆ.

*ಕಾಯುವವರ ಸಾಲು ಉದ್ದವಿದ್ದಾಗ ಎಷ್ಟು ಹೊತ್ತು ಲೇನು ಇಟ್ಟುಕೊಳ್ಳಬಹುದು?* ನಿಮ್ಮ ಪಾಳಿ ಮುಗಿಯುವ ತನಕ. ಆದರೆ ಸ್ನೇಹಿತರ ಜೊತೆ ಹರಟುತ್ತ ಮೇಜಿನ ಮೇಲೆ ಚೀಲ ಇಟ್ಟು ಹೋಗುವುದು ಪಾಳಿಯಲ್ಲ. ಎದ್ದ ಮೇಲೆ ಗುಡಿಸಿ ಹೋಗಿ, ಒಣ ಪೊರಕೆಯಲ್ಲಿ ಅಲ್ಲ, ಅದು ಸೀಸದ ಪುಡಿಯನ್ನು ಮತ್ತೆ ಎಬ್ಬಿಸುತ್ತದೆ. ರೇಂಜಿನವರು ಕೊಟ್ಟ ಸಲಕರಣೆಯಲ್ಲಿ.

*ಎಡಗೈಯವನು ನಾನು. ಬಲಗೈ ಪಿಸ್ತೂಲಿನ ಬಿಸಿ ತೋಟಾ ನನ್ನ ಮುಖದ ಮುಂದೆಯೇ ಹಾದುಹೋಗುತ್ತದೆ. ಯಾವ ಲೇನು ಕೇಳಲಿ?* ಎಡ ತುದಿಯದ್ದು ಸಿಕ್ಕರೆ ಎಡದಿಂದ ಹಾರಿ ಬರುವ ಪಕ್ಕದವರ ತೋಟಾದ ಕಾಟವಾದರೂ ತಪ್ಪುತ್ತದೆ. ನಿಮ್ಮದೇ ತೋಟಾಕ್ಕೆ ಕನ್ನಡಕ, ಟೋಪಿ. ಎರಡು ಲೇನಿನ ನಡುವೆ ಅಡ್ಡ ಪರದೆ ಇದ್ದರೆ ಅದಕ್ಕೆ ಅಂಟಿ ನಿಲ್ಲಬೇಡಿ, ಬಡಿದು ವಾಪಸು ಬರುತ್ತದೆ.